ಬಿರಡೆಯ ಬಿಗಿ

ಹಳೆಯ ಪಿಯಾನೊಗಳನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು ತಮ್ಮನ ಕೆಲಸ; ಕಟ್ಟಿದ್ದಕ್ಕೆ ಶ್ರುತಿ ಕೂಡಿಸುವುದು ಅಕ್ಕನದು. ಅಪ್ಪ ಬಿಟ್ಟುಹೋದ ವರ್ಕ್‌ಶಾಪನ್ನು ಇಬ್ಬರೂ ಕಿತ್ತಾಡಿಕೊಂಡೇ ನಡೆಸಿಕೊಂಡು ಬಂದಿದ್ದರು. ಸಂಗೀತದ ಟೀಚರ ಪಿಯಾನೊ ರಿಪೇರಿಗೆ ಬಂದಾಗ ಮಾತ್ರ ಜಗಳವಿರಲಿಲ್ಲ. ಇಬ್ಬರಿಗೂ ಸ್ವರಜ್ಞಾನ ಕೊಟ್ಟವರು ಅವರೇ. ಈಗ ಅವರ ಎಡಗಿವಿ ಪೂರ್ತಿ ಮುಚ್ಚಿತ್ತು. ಬಲಗಿವಿಯೂ ಹೆಚ್ಚು ಕಾಲ ಬಾಳದೆಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಕೇಳೋವಷ್ಟು ದಿನ ನನ್ನ ಪಿಯಾನೊ ಕೇಳ್ಕೊಂಡಿರ್ತೀನಿ," ಎಂದಿದ್ದರು ಟೀಚರ್.

ತಮ್ಮ ಹೊಸದಾಗಿ ಕಟ್ಟಿದ ಪಿಯಾನೊ ಟೀಚರ ಮನೆ ಸೇರಿದ ದಿನ ಅಕ್ಕ ಮುಚ್ಚಳ ತೆಗೆದು, ತಂತಿ ಸುತ್ತಿದ ಒಂದು ಉಕ್ಕಿನ ಬಿರಡೆಗೆ ಶ್ರುತಿ ತಿರುಗಿಸುವ ಕೀಲಿ ತೊಡಿಸಿದಳು. ಬಿರಡೆ ಜಪ್ಪಯ್ಯ ಅನ್ನಲಿಲ್ಲ. ಬಲ ಹಾಕಿದಾಗ 'ಟಕ್' ಎಂದು ಜಿಗಿದು ಸ್ವರವನ್ನು ಎಲ್ಲಿಗೋ ಏರಿಸಿತು. ಇಳಿಸಲು ಹೋದರೆ ಮತ್ತೆ 'ಟಕ್', ಪಾತಾಳಕ್ಕೆ. ಹೇಗೋ ಸರಿಯಾದ ಜಾಗಕ್ಕೆ ತಂದು ಕೈಬಿಟ್ಟರೆ ಸ್ವರ ಮೆಲ್ಲಗೆ ಜಾರುತ್ತಿತ್ತು. ಬಿರಡೆಯ ತಲೆಯಷ್ಟೇ ತಿರುಚಿಕೊಳ್ಳುತ್ತಿತ್ತು, ಮರದ ಹಲಗೆಯ ತೂತಿನೊಳಗೆ ಹೂತ ಬುಡ ಕದಲುತ್ತಿರಲಿಲ್ಲ.

ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ತಮ್ಮನ ಬಳಿಗೆ ಬಂದಳು.

"ತೂತು ಎಷ್ಟು ಸಣ್ಣಕ್ಕೆ ಕೊರೆದ್ಯೋ?"

"ಒಂದು ಕೂದಲೆಳೆಯಷ್ಟು ಕಮ್ಮಿ, ಅಷ್ಟೇ ಅಕ್ಕಾ. ಸಡಿಲ ಆಗಬಾರ್ದು ಅಂತ..."

ಅವಳಿಗೆ ಅರ್ಥವಾಯಿತು. ಹಿಂದೊಮ್ಮೆ ಅವನು ಕಟ್ಟಿದ ಪಿಯಾನೊ ಒಂದರಲ್ಲಿ ಬಿರಡೆಗಳು ಸಡಿಲಾಗಿ, ಗಿರಾಕಿ ಬೀದಿಯಲ್ಲಿ ನಿಂತು ಅವನ ಮಾನ ಹರಾಜು ಹಾಕಿದ್ದ. ಅಂದಿನಿಂದ ಇವನು ಮುಟ್ಟಿದ್ದೆಲ್ಲ ಬಿಗಿ. ಇವನು ಮುಚ್ಚಿದ ಸಕ್ಕರೆ ಡಬ್ಬಿ ತೆರೆಯಲು ಹೆಂಡತಿ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಅದನ್ನು ಹೇಳಿಕೊಂಡು ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

"ಎಣ್ಣೆ ಬಿಡ್ಲಾ?"

"ಹುಚ್ಚಾ! ಹಲಗೆನೇ ಹಾಳಾಗುತ್ತೆ. ಎಲ್ಲಾ ತಂತಿ ಬಿಚ್ಚಿ, ಒಂದೊಂದೇ ತೂತು ಸವರಬೇಕು. ಎಷ್ಟು ತಿಂಗಳು ಹಿಡಿಯುತ್ತೋ."

ಅಷ್ಟರಲ್ಲಿ ಒಳಗಿನಿಂದ ಪಿಯಾನೊ ಕೇಳಿಸಿತು. ಟೀಚರ್ ಕಾಯಲಾರದೆ ನುಡಿಸಲು ಕೂತಿದ್ದರು. ನಾಲ್ಕು ಸಾಲು ನುಡಿಸಿ ತಟ್ಟನೆ ಕೈ ನಿಲ್ಲಿಸಿ, ಒಳಗೆ ಬಂದ ಅಕ್ಕನತ್ತ ತಿರುಗಿದರು.

"ನನ್ನ ಕಿವಿ ಹೋಯ್ತೇನೇ? ಎಲ್ಲಾ ಓರೆಕೋರೆ ಕೇಳಿಸ್ತಿದೆಯಲ್ಲ!"

ಹೌದೆಂದುಬಿಟ್ಟರೆ ತಮ್ಮನ ಮಾನ ಉಳಿಯುತ್ತಿತ್ತು. ಆ ಸುಳ್ಳಿಗೆ ಅಕ್ಕನ ನಾಲಿಗೆ ಏಳಲಿಲ್ಲ.

"ಕಿವಿ ಸರಿಯಾಗಿದೆ ಟೀಚರ್. ಪಿಯಾನೊದಲ್ಲೇ ಶ್ರುತಿ ನಿಲ್ತಿಲ್ಲ. ತಪ್ಪು ನಮ್ಮದು."

ಟೀಚರ ಮುಖ ಅರಳಿತು. "ಅಬ್ಬಾ, ಹಾಗಾದ್ರೆ ಇನ್ನೂ ಕೇಳಿಸ್ತಿದೆ!"

"ತಗೊಂಡು ಹೋಗಿ ಸರಿ ಮಾಡ್ತೀವಿ," ಎಂದ ಬಾಗಿಲಲ್ಲಿ ನಿಂತಿದ್ದ ತಮ್ಮ.

"ನೀನು ವಾಪಸ್ ತರೋ ಹೊತ್ತಿಗೆ ಕೇಳೋದಕ್ಕೆ ಕಿವಿನೇ ಇರಲ್ಲ ಕಣೋ. ಇರ್ಲಿ ಬಿಡು. ಅಪಸ್ವರ ಆದ್ರೂ ನನ್ನದೇ ತಾನೇ?"

ಅಲ್ಲಿಂದ ಮುಂದೆ ದಿನ ಬೆಳಗಾದರೆ ಅಕ್ಕ ಟೀಚರ ಮನೆಗೆ ಹೋಗಿ ಆ ಬಿರಡೆಗಳೊಡನೆ ಗುದ್ದಾಡಿದಳು. ಮಣಿಕಟ್ಟು ಊದಿ ಪಟ್ಟಿ ಸುತ್ತಿಕೊಳ್ಳಬೇಕಾಯಿತು. ಎರಡು ಬಿರಡೆ ಮುರಿದೇ ಹೋದವು. ಅಷ್ಟೆಲ್ಲ ಪಾಡುಪಟ್ಟರೂ ಒಂದು ಹಾಡಿನ ಮಟ್ಟಿಗಷ್ಟೇ ಸ್ವರ ನಿಲ್ಲುತ್ತಿತ್ತು. ಕೆಲವು ದಿನ ಅದೂ ಇಲ್ಲ. ತಮ್ಮ ಜೊತೆಗೆ ಬಂದರೂ ಒಳಗೆ ಕಾಲಿಡದೆ ಮೆಟ್ಟಿಲ ಮೇಲೆಯೇ ಕೂರುತ್ತಿದ್ದ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಟೀಚರ್ ಬಾಗಿಲು ತೆರೆದು, ಅಕ್ಕ ಬಾಯಿಬಿಡುವ ಮೊದಲೇ ಗಟ್ಟಿ ದನಿಯಲ್ಲಿ ಹೇಳಿದರು:

"ಈಗ ತಗೊಂಡು ಹೋಗಿ. ನಿಧಾನವಾಗಿ ಮಾಡಿ, ಅವಸರ ಏನಿಲ್ಲ."

ಅಕ್ಕ ಏನೋ ಹೇಳಿದಳು. ಟೀಚರ್ ಅವಳ ತುಟಿಯನ್ನೇ ನೋಡುತ್ತ ನಿಂತರು. ತಿಳಿಯದೆ ಸುಮ್ಮನೆ ತಲೆಯಾಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ತಮ್ಮ ಮಂಡಿಯ ನಡುವೆ ಮುಖ ಹುದುಗಿಸಿ ಬಿಕ್ಕುತ್ತಿದ್ದ.