ಗುಡಿಸುವವಳ ಲೇತ್

ಅಕ್ಕನ ತೋರುಬೆರಳು ಈಗ ಅರ್ಧವೇ ಇದೆ. ಉಳಿದರ್ಧವನ್ನು ಲೇತಿನ ಗೇರು ತಿಂದಿತು. ತಿನ್ನಿಸಿದವರು ನಮ್ಮ ಯಜಮಾನರು.

ನಾವೆಲ್ಲ ಅಕ್ಕ ಎಂದು ಕರೆಯುವ ಅವಳು ಈ ಬೋಲ್ಟಿನ ಶೆಡ್ಡಿಗೆ ಬಂದದ್ದು ಕಸ ಗುಡಿಸಲು. ನೋಡಿ ನೋಡಿಯೇ ಕಬ್ಬಿಣ ಕಡೆಯುವ ಲೇತ್ ಮಿಷನ್ ಕಲಿತಳು. ಬೋಲ್ಟಿನ ಮೈಮೇಲೆ ಥ್ರೆಡ್ಡಿನ ಸುತ್ತುಗೆರೆ ಕೊಯ್ಯಲು ಯಾವ ಗೇರಿಗೆ ಯಾವುದು ಜೋಡಿ ಎಂಬುದು ಅವಳಿಗೆ ಬಾಯಿಪಾಠ. ಎರಡು ಗೇರುಗಳ ಹಲ್ಲಿನ ನಡುವೆ ಕಾಗದದ ಚೂರಿಟ್ಟು ಬಿಗಿ ಮಾಡುತ್ತಾಳೆ, ಆಮೇಲೆ ಕಾಗದ ತೆಗೆಯುತ್ತಾಳೆ. ಅಷ್ಟು ಸಂದು ಉಳಿದರೆ ಗೇರು ಸಲೀಸಾಗಿ ಓಡುತ್ತದೆ.

ಅವತ್ತು ಕಾಗದ ತೆಗೆಯುತ್ತಿದ್ದಳು.

"ಇನ್ನೂ ಎಷ್ಟೊತ್ತೇ? ಗೇರಿಗೇನು ಮದುವೆ ಮಾಡ್ತಿದ್ದೀಯಾ?" ಎಂದು ಯಜಮಾನರು ತಾವೇ ಸ್ವಿಚ್ ಒತ್ತಿದರು.

ವಿಚಾರಣೆಗೆ ಬಂದ ಲೇಬರ್ ಆಫೀಸಿನ ಸಾಹೇಬರು ಹಾಜರಿ ಪುಸ್ತಕ ತೆಗೆದರು.

"ಇದ್ರಲ್ಲಿ ಕಸ ಗುಡಿಸೋಳು ಅಂತಿದೆ. ನಿಂಗ್ಯಾಕಮ್ಮ ಮಿಷನ್ ಸಹವಾಸ?"

"ಹನ್ನೊಂದು ವರ್ಷದಿಂದ ನಾನೇ ಸೆಟ್ ಮಾಡೋದು ಸಾರ್. ಇವ್ರನ್ನ ಕೇಳಿ."

ನಾವು ಐದು ಜನ ನೆಲ ನೋಡಿದೆವು. ಪಕ್ಕದ ಡ್ರಿಲ್ಲಿಂಗ್ ಮಿಷನ್ನಿನಲ್ಲಿದ್ದ ನಾನು ಎಲ್ಲವನ್ನೂ ಕಣ್ಣಾರೆ ಕಂಡಿದ್ದೆ. ನಾನೂ ತಲೆ ಎತ್ತಲಿಲ್ಲ. ಥೂ, ನನ್ನ ಬಾಳಿಗಿಷ್ಟು.

ಮುಟ್ಟಬಾರದ್ದನ್ನು ಮುಟ್ಟಿದ್ದು ಅವಳದೇ ತಪ್ಪು ಎಂದು ಬರೆದ ಸಾಹೇಬರು, ಯಜಮಾನರ ಚಹಾ ಕುಡಿದು ಹೋದರು.

ಗಾಯ ಮಾಗಿ ಅಕ್ಕ ಬಂದ ದಿನ ಎಡಕ್ಕೆ ತಿರುಗಿಸಿ ಬಿಗಿಯುವ ಬೋಲ್ಟುಗಳ ಕೆಲಸವಿತ್ತು. ಅಂಥ ಥ್ರೆಡ್ಡಿಗೆ ಗೇರೊಂದನ್ನು ಹೆಚ್ಚಿಗೆ ಸೇರಿಸಬೇಕು. ಯಜಮಾನರ ಭಾವಮೈದ ಬೆಳಗಿನಿಂದ ಹೆಣಗಿ ಎಂಟು ಸರಳು ಹಾಳು ಮಾಡಿದ್ದ.

"ಬಾ ತಾಯಿ, ನಿನ್ನ ಕೈಗುಣಾನೇ ಬೇರೆ" ಎಂದರು ಯಜಮಾನರು. ಬೆರಳು ಹೋದ ಮೇಲೆ ತಾಯಿಯಾದಳು!

ಅಕ್ಕ ಮೂಲೆಯಿಂದ ಪೊರಕೆ ತಂದಳು.

"ನಾನು ಕಸ ಗುಡಿಸೋಳು ಯಜಮಾನ್ರೇ. ಮಿಷನ್ ಮುಟ್ಟಿದ್ರೆ ನಂದೇ ತಪ್ಪಾಗತ್ತೆ."

"ಎಷ್ಟೇ ಕೊಬ್ಬು ನಿಂಗೆ!" ಯಜಮಾನರು ನನ್ನತ್ತ ತಿರುಗಿದರು. "ಲೋ, ನೀನು ಪಕ್ಕದಲ್ಲೇ ಇರ್ತೀಯಲ್ಲ, ನೋಡಿರ್ತೀಯ. ಹಾಕೋ ಗೇರು."

ನಾನು ಡ್ರಿಲ್ಲಿಂಗ್ ಮಿಷನ್ ನಿಲ್ಲಿಸಿದೆ.

"ನಾನು ನೋಡಿದ್ದು ಸ್ವಿಚ್ ಒತ್ತಿದ ಕೈನ, ಯಜಮಾನ್ರೇ. ಸಾಹೇಬ್ರನ್ನ ಕರೆಸಿ, ಹೇಳ್ತೀನಿ."

ಹಿಂದೆ ಒಂದು ಮಿಷನ್ ನಿಂತಿತು. ಇನ್ನೊಂದು ನಿಂತಿತು. ಆಮೇಲೆ ಎಲ್ಲವೂ ನಿಂತವು.

ಅಕ್ಕ ನನ್ನನ್ನೇ ದಿಟ್ಟಿಸಿದಳು. "ಅವತ್ತು ಎಲ್ಲಿಟ್ಟಿದ್ಯೋ ಈ ನಾಲಿಗೇನ?" ಎಂದಳು.

ಭಾವಮೈದ ಉದುರಿಸಿದ್ದ ಕಬ್ಬಿಣದ ಸುರುಳಿಗಳನ್ನು ಗುಡಿಸುತ್ತಾ ಅವಳು ಲೇತಿನವರೆಗೆ ಬಂದಳು.

"ಕಾಲು ತೆಗೀರಿ ಯಜಮಾನ್ರೇ, ಗುಡಿಸ್ಬೇಕು."

ಯಜಮಾನರು ಕಾಲು ತೆಗೆದರು.