ಎರಡನೇ ಓಟಗಾರ್ತಿ

ಲೊರೆದಾನಾ ಕಪ್ಪು ಲಂಗಕ್ಕೆ ಇಸ್ತ್ರಿ ತಿಕ್ಕುತ್ತಿದ್ದಳು. ಬಲಪಕ್ಕೆಯೊಳಗೆ ಏನೋ ಚುಚ್ಚಿದಂತಾಗಿ ಕೈ ನಿಂತಿತು. ಯಕೃತ್ತು ಇರುವುದು ಅಲ್ಲೇ ಎಂದು ಗೆಳತಿ ನಿವೆಸ್ ತೋರಿಸಿಕೊಟ್ಟಿದ್ದಳು. ಇವತ್ತು ನಿವೆಸಳ ಮಣ್ಣು. ಬಟ್ಟೆ ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಇಸ್ತ್ರಿಪೆಟ್ಟಿಗೆ ಎತ್ತಿದಳು.

ಇಗರ್ಜಿಯ ಗೋಡೆಗೆ ಸಾವಿನ ಭಿತ್ತಿಪತ್ರ ಅಂಟಿಸಿದ್ದರು. ಅದರಲ್ಲಿ ನಿವೆಸ್ ಇಟಲಿ ತಂಡದ ನೀಲಿ ಅಂಗಿ ತೊಟ್ಟು ನಗುತ್ತಿದ್ದಳು.

"ಜೀವಮಾನವೆಲ್ಲ ಗುಂಡಿ, ದಾರ ಮಾರಿದೋಳು. ಫೋಟೋ ಮಾತ್ರ ಓಟದ್ದು," ಎಂದಳು ಬೇಕರಿಯ ಅದಾಲ್ಜೀಸಾ.

"ಮತ್ತೇನು, ಗುಂಡಿಡಬ್ಬಿ ಹಿಡ್ಕೊಂಡು ನಿಲ್ಬೇಕಿತ್ತಾ?" ನಿವೆಸಳ ಗಂಡ ಒರೆಸ್ತೆ ಮೂಗೊರೆಸಿಕೊಂಡ. "ಅಂಗಡೀಲೂ ಓಡ್ತಾನೇ ಇದ್ಲು. ಗಿರಾಕಿ ಬಾಯಿ ತೆರೆಯೋದ್ರೊಳಗೆ ದಾರ ಕೈಲಿಡೋಳು."

ಅದಾಲ್ಜೀಸಾ ಲೊರೆದಾನಾಳತ್ತ ತಿರುಗಿದಳು. "ನಿಮ್ಮ ತಂಡದಲ್ಲಿ ಮೊದ್ಲು ಪಿಯಾ, ಈಗ ಇವಳು. ಇಬ್ಬರಿಗೂ ಯಕೃತ್ತೇ. ನೀನು ತೋರಿಸ್ಕೊಂಡ್ಯೇನೇ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ." ಲೊರೆದಾನಾ ಬಲಪಕ್ಕೆಯ ಮೇಲಿದ್ದ ಕೈಯನ್ನು ಥಟ್ಟನೆ ತೆಗೆದಳು.

*

"ವಿಟಮಿನ್ನು ಕಣ್ರಮ್ಮಾ! ಹೆದರೋ ಕೋಳಿಗಳು ಮನೆಗೆ ಹೋಗ್ಲಿ." ಓಡುತ್ತಿದ್ದ ಆ ದಿನಗಳಲ್ಲಿ ತರಬೇತುದಾರ ಬಸ್ಸಾನಿ ಸೂಜಿ ಹಿಡಿದು ಬರುತ್ತಿದ್ದ. ನಿವೆಸ್ ನಗುತ್ತ ಮೊದಲು ತೋಳು ಚಾಚುವಳು. ರಿಲೇ ಓಟದಲ್ಲೂ ಅವಳೇ ಮೊದಲು. ಆಮೇಲೆ ಲೊರೆದಾನಾ, ವಿಲ್ಮಾ, ಕೊನೆಗೆ ಪಿಯಾ. ಕೋಲು ಪಡೆಯುವವಳು ಹಿಂದೆ ನೋಡಬಾರದು, "ತಗೋ!" ಎಂಬ ಕೂಗಿಗೆ ಕೈ ಹಿಂದಕ್ಕೆ ಚಾಚಬೇಕು, ಅಷ್ಟೆ. ಲೊರೆದಾನಾ ಎಂದೂ ತಿರುಗಿ ನೋಡಿದವಳಲ್ಲ.

ಈ ವಸಂತದಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಅರಿಸಿನದಂತೆ ಹಳದಿಯಾಗಿದ್ದ ನಿವೆಸ್ ಲೊರೆದಾನಾಳ ಮಣಿಕಟ್ಟು ಹಿಡಿದಳು. "ಆ ಸೂಜೀಲಿದ್ದದ್ದು ವಿಟಮಿನ್ ಅಲ್ವಂತೆ ಕಣೇ, ಯಕೃತ್ತು ತಿಂದದ್ದು ಅದೇ ಅಂತೆ. ಡಾಕ್ಟ್ರು ಹೇಳಿದ್ರು. ನೀನು ತೋರಿಸ್ಕೋ. ವಿಲ್ಮಾಗೂ ಬರಿ, ನಂಗೆ ಕೈ ಏಳ್ತಿಲ್ಲ."

ಸಾರ್ಡೀನಿಯಾ ದ್ವೀಪ ಸೇರಿದ್ದ ವಿಲ್ಮಾಗೆ ಫೋನಿನಲ್ಲಿ ಹೇಳುವ ಮಾತಲ್ಲ ಇದು. ಲೊರೆದಾನಾ ಕಾಗದ ಬರೆದಳು. ಆದರೆ ಅದನ್ನು ಹಾಕಿಬಿಟ್ಟರೆ ತನ್ನ ಮೈಯೊಳಗೂ ಅದಿದೆಯೆಂದು ಒಪ್ಪಿಕೊಂಡಂತೆ. ಬೇಸಿಗೆ ಕಳೆದರೂ ಕಾಗದ ಕೈಚೀಲದಲ್ಲೇ ಉಳಿಯಿತು.

*

ಸ್ಮಶಾನದ ಗೋಡೆಯಲ್ಲಿ ಸಾಲಾಗಿ ಕಟ್ಟಿದ್ದ ಗೂಡುಗಳಲ್ಲೊಂದರೊಳಗೆ ಶವಪೆಟ್ಟಿಗೆ ತಳ್ಳಿದರು. ಗಾರೆಯವನು ಅದರ ಬಾಯಿ ಮುಚ್ಚಲು ಇಟ್ಟಿಗೆ ಇಡತೊಡಗಿದ. ಪಕ್ಕದ ಗೂಡು ಖಾಲಿಯಿತ್ತು. ಅದರ ಕತ್ತಲೆಯಿಂದ ಬರುವ ತಣ್ಣನೆ ಗಾಳಿ ಲೊರೆದಾನಾಳ ಕೆನ್ನೆಗೆ ತಾಗಿತು.

"ಸ್ವಲ್ಪ ಆಚೆ ಸರೀರಮ್ಮಾ, ಗಾರೆ ಹಾರುತ್ತೆ," ಎಂದ ಅವನು.

ಒರೆಸ್ತೆ ಪಕ್ಕಕ್ಕೆ ಬಂದು ನಿಂತ. "ವಿಲ್ಮಾ ಹೇಗಿದಾಳಂತೆ? 'ಲೊರೆದಾನಾ ಬರೆದಿದಾಳೆ, ವಿಲ್ಮಾ ಉಳ್ಕೋತಾಳೆ' ಅಂತ ನಿವೆಸ್ ಕೊನೇತನಕ ಹೇಳ್ತಿದ್ಲು."

ಲೊರೆದಾನಾ ಕೈಚೀಲ ಗಟ್ಟಿಯಾಗಿ ಹಿಡಿದು ಹೊರಟಳು. ಮೂಲೆಯ ತಂಬಾಕಿನಂಗಡಿಯಲ್ಲಿ ಅಂಚೆಚೀಟಿ ಕೊಂಡಳು, ಪೆನ್ನೂ ಕೇಳಿದಳು. ಲಕೋಟೆಯ ಹಿಂಬದಿಗೆ ಬರೆದಳು: 'ನಾನೂ ಸೋಮವಾರ ಡಾಕ್ಟ್ರಿಗೆ ತೋರಿಸ್ಕೊಳ್ಳೋಕೆ ಹೋಗ್ತೀನಿ. ನಂಗೆ ಭಯ ಆಗ್ತಿದೆ ಕಣೇ.'

ಕೆಂಪು ಅಂಚೆಪೆಟ್ಟಿಗೆಯ ಬಾಯಲ್ಲಿ ಕಾಗದ ಅರ್ಧ ಒಳಗೆ ಹೋಯಿತು. ಬೆರಳು ಬಿಡಲಿಲ್ಲ.

"ಹಾಕ್ತೀರೋ ಇಲ್ವೋ, ತಾಯೀ?" ಹಿಂದೆ ಯಾರೋ ಗೊಣಗಿದರು.

ಪೆಟ್ಟಿಗೆಯ ತಳದಲ್ಲಿ ಕಾಗದ ಬಿದ್ದ ಸದ್ದಾಯಿತು. ಲೊರೆದಾನಾಳ ಕೈ ಇನ್ನೂ ಅದರ ಬಾಯೊಳಗೇ ಇತ್ತು, ಬೆರಳು ಅಗಲಿಸಿಕೊಂಡು.