ಇನ್ನೂರ ಅರವತ್ತೊಂದು ಎಡಮುರಿ

"ಇದು ಎಡ, ಇದು ಬಲ," ಎನ್ನುತ್ತ ಸಂಶೋಧಕ ತನ್ನ ಎರಡೂ ಅಂಗೈಗಳನ್ನು ಅವಳ ಮುಖದ ಮುಂದೆ ಹಿಡಿದ. "ಇಷ್ಟು ಗೊತ್ತಾಗೋಕೂ ಡಿಗ್ರಿ ಬೇಕಾ, ಹೇಳು?"

ಎದುರಿಗೆ ನಿಂತವನ ಎಡಗೈ ಅವಳ ಬಲಕ್ಕಿತ್ತು. ಹಾಗಂತ ಹೇಳಬೇಕೆನಿಸಿತು. ಮೈಕ್ರೋಸ್ಕೋಪಿಗೆ ಹೊದಿಸಿದ್ದ ಪ್ಲಾಸ್ಟಿಕ್ ಚೀಲವನ್ನು ತೆಗೆದು ಮಡಿಸಿದಳು. ಬಿಚ್ಚಿ ಇನ್ನೊಮ್ಮೆ ಮಡಿಸಿದಳು.

"ಮತ್ತೆ ಎಣಿಸು. ಕಣ್ಣು ಬಿಟ್ಟು ಎಣಿಸು. ನಾಡಿದ್ದು ಪ್ರಬಂಧ ಕಳಿಸ್ಬೇಕು ನಾನು."

"ಇದು ಎಷ್ಟನೇ ಸಲ ಸಾರ್?" ಎಂದು ಕೇಳಿದ್ದು ಅವಳಲ್ಲ, ಮೂಲೆಯ ತೊಟ್ಟಿಯ ಬಳಿ ಜರಡಿ ಹಿಡಿದು ನಿಂತಿದ್ದ ಅವಳ ಚಿಕ್ಕಮ್ಮ.

"ಮೂರನೇದು. ಸರಿ ಬರೋ ತನಕ ಎಣಿಸ್ಬೇಕು. ಎಡಗೈಯವಳಿಗೆ ಎಲ್ಲಾ ಎಡವಾಗೇ ಕಾಣುತ್ತೋ ಏನೋ," ಎಂದು ಅವನು ಬಾಗಿಲು ಎಳೆದುಕೊಂಡು ಹೋದ.

ಕಡಲ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ತೆಗೆದ ಕೆಸರು ಬೆರಳುದ್ದದ ತುಂಡುಗಳಾಗಿ ಆ ಕೋಣೆಗೆ ಬರುತ್ತಿತ್ತು. ಆಳಕ್ಕೆ ಹೋದಷ್ಟೂ ಹಳೆಯ ಕೆಸರು. ಚಿಕ್ಕಮ್ಮ ಅದನ್ನು ತೊಳೆದು, ಸೋಸಿ, ಒಣಗಿಸಿದರೆ ಉಳಿಯುತ್ತಿದ್ದದ್ದು ಒಂದು ಚಿಟಿಕೆ ಮರಳು. ಆ ಮರಳಿನಲ್ಲಿ ಕಾಳಿಗಿಂತ ಚಿಕ್ಕ ಚಿಪ್ಪುಗಳು. ಅವನ್ನು ನಾಲ್ಕೇ ಕೂದಲಿನ ಕುಂಚದಲ್ಲಿ ಹೆಕ್ಕಿ, ಕಪ್ಪು ತಟ್ಟೆಯ ಮನೆಗಳಲ್ಲಿ ಮುನ್ನೂರು ಜೋಡಿಸುವುದು ಅವಳ ಕೆಲಸ. ನೀರು ತಣ್ಣಗಿದ್ದ ಕಾಲದ ಚಿಪ್ಪು ಎಡಕ್ಕೆ ಸುತ್ತಿರುತ್ತದೆ, ಬೆಚ್ಚಗಿದ್ದ ಕಾಲದ್ದು ಬಲಕ್ಕೆ. ಎಡಮುರಿ ಎಷ್ಟು, ಬಲಮುರಿ ಎಷ್ಟು ಎಂದು ಬರೆದರೆ ಸಾವಿರಾರು ವರ್ಷಗಳ ಹಿಂದಿನ ಕಡಲ ಚಳಿ ಸೆಕೆ ತಿಳಿಯುತ್ತದಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಎರಡು ವರ್ಷ ತಲೆ ತಗ್ಗಿಸಿ ಕೂತು, ಅವರಿವರ ಮಾತು ಕೇಳಿಸಿಕೊಂಡು ತಾನೇ ಕೂಡಿಸಿಕೊಂಡಿದ್ದಳು.

ಈ ತಟ್ಟೆಯಲ್ಲಿ ಎಡಮುರಿ ಇನ್ನೂರ ಅರವತ್ತೊಂದು, ಬಲಮುರಿ ಮೂವತ್ತೊಂಬತ್ತು. ಕೊರೆಯುವ ಚಳಿ. ಸಂಶೋಧಕ ಇದೇ ತಟ್ಟೆಯನ್ನು ಹೋದ ತಿಂಗಳು ಮೈಕ್ರೋಸ್ಕೋಪಿಗೆ ಕೂರಿಸಿದ ಹೊಸ ಕ್ಯಾಮೆರಾದಲ್ಲಿ ಹಿಡಿದು, ಪರದೆ ನೋಡಿ, ಬಲಮುರಿಯೇ ಹೆಚ್ಚೆಂದು ಬರೆದಿದ್ದ. ಆಗ ಕಡಲು ಬೆಚ್ಚಗಿತ್ತು ಎಂದು ಅವನ ಪ್ರಬಂಧ ಸಾರುತ್ತಿತ್ತು. ಅವಳದು ಸರಿಯಾದರೆ ಅವನ ಪ್ರಬಂಧ ನೀರುಪಾಲು. ಅವನದು ಸರಿಯಾದರೆ ಅವಳ ಎರಡು ವರ್ಷದ ಎಣಿಕೆ ಕಸದ ಬುಟ್ಟಿಗೆ, ಹಿಂದೆಯೇ ಅವಳೂ. "ಇವತ್ತು ಸಂಜೆ ನಾನೇ ಬಂದು ನೋಡ್ತೀನಿ. ಸರಿಹೋಗದಿದ್ರೆ ಓದಿರೋರು ಯಾರನ್ನಾದ್ರೂ ತಗೊಳ್ಳೋಣ," ಎಂದು ಪ್ರೊಫೆಸರ್ ಮೇಡಂ ನಿನ್ನೆ ಕಾರಿಡಾರಿನಲ್ಲಿ ಹೇಳಿದ್ದು ಗೋಡೆಯ ಈಚೆಗೂ ಕೇಳಿತ್ತು.

ಮಧ್ಯಾಹ್ನವೆಲ್ಲ ಎಣಿಸಿದಳು. ಇನ್ನೂರ ಅರವತ್ತೊಂದು. ಒಂದಾದರೂ ಹೆಚ್ಚುಕಮ್ಮಿಯಾಗಿದ್ದರೆ ತನ್ನದೇ ತಪ್ಪೆಂದು ನಂಬಿ ಹಗುರಾಗಬಹುದಿತ್ತು. ಆ ಹಾಳು ಚಿಪ್ಪುಗಳು ಮಿಸುಕಾಡಲಿಲ್ಲ. ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದಳು. ಮೊನೆ ಮುರಿಯಿತು.

"ಅಯ್ಯೋ, ಅವರು ಹೇಳಿದಂಗೆ ಬರೆದು ಬಿಸಾಕೇ," ಎಂದಳು ಚಿಕ್ಕಮ್ಮ. "ಹಾಳೆ ಮೇಲಿನ ಎರಡು ಹೆಸರು ಅದಲು ಬದಲು ಮಾಡಿದ್ರೆ ಆಯ್ತು. ಕಡಲು ತಣ್ಣಗಿದ್ರೆ ನಿನಗೇನು, ಬಿಸಿಯಾಗಿದ್ರೆ ನಿನಗೇನು? ನಿನ್ನ ಗಂಟೇನು ಹೋಗುತ್ತೆ?"

"ತಣ್ಣಗಿತ್ತು ಚಿಕ್ಕಮ್ಮ."

"ನೀನು ಹೋಗಿ ಕಾಲು ಇಳಿಬಿಟ್ಕೊಂಡು ಕೂತಿದ್ಯಾ?"

ಅವಳು ರಬ್ಬರನ್ನು ಕೈಗೆತ್ತಿಕೊಂಡಳು. 'ಎಡಮುರಿ' ಎಂಬ ಅಕ್ಷರಗಳ ಮೇಲೆ ಅದನ್ನು ಇಟ್ಟಳು. ಒತ್ತಲಿಲ್ಲ. ಬೆನ್ನು ಹಾಕಿ ಬಿದ್ದಿದ್ದ ಒಂದು ಚಿಪ್ಪನ್ನು ಮಗುಚಿಯಾದರೂ ನೋಡೋಣವೆಂದು ಮತ್ತೆ ಕುಂಚ ಹಿಡಿದಳು. ಕತ್ತು ಸೆಳೆಯಿತು. ಕಣ್ಣನ್ನು ಮಸೂರದಿಂದ ತೆಗೆದು ತಲೆ ಎತ್ತಿದಳು.

ಸಂಶೋಧಕ ಪರದೆ ಆರಿಸದೆ ಹೋಗಿದ್ದ. ಅದರಲ್ಲಿ ಚಿಪ್ಪು ಚೆಂಡಿನಷ್ಟಾಗಿತ್ತು, ಕುಂಚ ಪೊರಕೆಯಷ್ಟು. ಕುಂಚ ಬಲಗಡೆಯಿಂದ ಬಂದಿತ್ತು.

ತನ್ನ ಕೈ ನೋಡಿಕೊಂಡಳು. ಎಡಗೈಯೇ. ಮಸೂರಕ್ಕೆ ಕಣ್ಣಿಟ್ಟಳು. ಎಡಗಡೆಯಿಂದಲೇ ಬಂದಿತ್ತು. ಪರದೆ ನೋಡಿದಳು. ಬಲಗಡೆ. ಕುಂಚವನ್ನು ಮೇಲಕ್ಕೆ ಸರಿಸಿದರೆ ಪರದೆಯಲ್ಲೂ ಮೇಲಕ್ಕೇ ಹೋಯಿತು. ಪಕ್ಕಕ್ಕೆ ಸರಿಸಿದರೆ ಮಾತ್ರ ಆಚೆಗೆಂದದ್ದು ಈಚೆಗೆ, ಕನ್ನಡಿಯಲ್ಲಿ ಬೈತಲೆ ತೆಗೆಯುವಾಗ ಆಗುವ ಹಾಗೆ.

ಅವನು ಒಂದು ದಿನವೂ ಕುಂಚ ಹಿಡಿದವನಲ್ಲ. ಅವಳು ಕೈ ತೆಗೆದ ಮೇಲೆ ಬಂದು ಫೋಟೋ ತೆಗೆಯುತ್ತಿದ್ದ.

ಬಾಗಿಲು ತೆರೆಯಿತು. ಮೇಡಂ ಮುಂದೆ, ಸಂಶೋಧಕ ಹಿಂದೆ.

"ಎಷ್ಟು ಬಂತಮ್ಮ?"

ಅವಳು ಕುಂಚ ಹಿಡಿದ ಕೈಯನ್ನು ಕದಲಿಸಲಿಲ್ಲ. "ಮೇಡಂ, ನನ್ನ ಕೈ ನೋಡಿ," ಎಂದಷ್ಟೇ ಅಂದಳು.

"ಕೈಗೇನಾಯ್ತು? ಚುಚ್ಚಿಕೊಂಡ್ಯಾ?"

"ಇಲ್ಲ. ಕೈ ನೋಡಿ. ಆಮೇಲೆ ಅದನ್ನ ನೋಡಿ," ಎಂದು ಗಲ್ಲದಿಂದ ಪರದೆ ತೋರಿಸಿದಳು.

"ನೋಡಿ ಮೇಡಂ, ಲೆಕ್ಕ ಕೇಳಿದ್ರೆ ಕೈ ತೋರಿಸ್ತಾಳೆ," ಎಂದ ಸಂಶೋಧಕ.

ಮೇಡಂ ಕನ್ನಡಕ ಹಣೆಗೇರಿಸಿ ಬಗ್ಗಿದರು. "ಮೇಲೆ ತಳ್ಳು," ಎಂದರು. ತಳ್ಳಿದಳು. "ಈಗ ಪಕ್ಕಕ್ಕೆ." ಚಿಕ್ಕಮ್ಮ ನಲ್ಲಿ ನಿಲ್ಲಿಸಿದಳು. "ಇನ್ನೊಂದು ಸಲ." ಮೇಡಂ ಕಂಪ್ಯೂಟರಿನ ಮೌಸನ್ನು ಎಳೆದುಕೊಂಡು ಏನೇನೋ ತೆರೆದರು. ಒಂದು ಕಡೆ ಸಣ್ಣ ಚೌಕದಲ್ಲಿ ಸರಿ ಗುರುತು ಇತ್ತು. ಅದನ್ನು ಒತ್ತಿದರು. ಪರದೆಯ ಮೇಲಿನ ಕುಂಚ ಒಂದೇ ನೆಗೆತಕ್ಕೆ ಎಡಗಡೆಗೆ ಬಂತು.

"ಇದನ್ನ ಯಾವಾಗ ಹಾಕಿದ್ದು?"

"ಅದು... ಕ್ಯಾಮೆರಾ ಬಂದಾಗ್ಲೇ ಹಂಗಿತ್ತು ಮೇಡಂ."

"ಎಷ್ಟು ತಟ್ಟೆ ಆಗಿದೆ?"

"ಹನ್ನೆರಡು."

ಮೇಡಂ ಮುಖ ಒರೆಸಿಕೊಂಡು ಇವಳ ಕಡೆ ತಿರುಗಿದರು. "ಅಲ್ಲಮ್ಮ, ಮೊದಲೇ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?"

ಅವಳು ಕುಂಚವನ್ನು ತಟ್ಟೆಯ ಪಕ್ಕಕ್ಕಿಟ್ಟಳು.

"ಮೂರು ಸಲ ಹೇಳಿದ್ಳಲ್ಲ ಮೇಡಂ," ಎಂದಳು ಚಿಕ್ಕಮ್ಮ ಜರಡಿ ಕೊಡವುತ್ತ. "ಇನ್ನೂರ ಅರವತ್ತೊಂದು, ಇನ್ನೂರ ಅರವತ್ತೊಂದು, ಇನ್ನೂರ ಅರವತ್ತೊಂದು ಅಂತ."

ಮೇಡಂ ಅದನ್ನು ಕೇಳಿಸಿಕೊಂಡರೋ ಇಲ್ಲವೋ. "ಹನ್ನೆರಡನ್ನೂ ಮತ್ತೆ ಮಾಡು," ಎಂದರು ಸಂಶೋಧಕನಿಗೆ. "ಕ್ಯಾಮೆರಾ ಬೇಡ. ಕಣ್ಣಿಟ್ಟು ನೋಡಿ ನೀನೇ ಎಣಿಸು. ಕುಂಚ ಹಿಡಿಯೋದು ಹೆಂಗೆ ಅಂತ ಇವಳನ್ನ ಕೇಳು." ಇಷ್ಟು ಹೇಳಿ ಹೊರಟುಹೋದರು.

ಸಂಶೋಧಕ ಅವಳು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಕೂತ. ಅದು ಅವನಿಗೆ ತೀರ ತಗ್ಗಾಯಿತು, ಮೊಣಕಾಲು ಮೇಜಿಗೆ ಬಡಿಯಿತು. ಕುಂಚವನ್ನು ಪೆನ್ನಿನ ಹಾಗೆ ಹಿಡಿದು ಒಂದು ಚಿಪ್ಪನ್ನು ತಿವಿದ.

"ಎಲ್ಲಿ ಹೋಯ್ತದು?"

ತಟ್ಟೆಯಲ್ಲಿರಲಿಲ್ಲ. ಮೇಜಿನ ಮೇಲೂ ಇರಲಿಲ್ಲ. ಅವನು ಎದ್ದೇಳಲು ಹೊರಟ.

"ಅಲ್ಲಾಡ್ಬೇಡಿ ಸಾರ್," ಎಂದಳು. ಅವನು ಹಾಗೇ ಕಲ್ಲಾಗಿ ಕೂತ. ಅವಳು ಬಗ್ಗಿ, ಅವನ ತೋಳಿನ ಮಡಿಕೆಗಳನ್ನು ಒಂದೊಂದಾಗಿ ನೋಡುತ್ತ ಬಂದಳು. ಮಣಿಕಟ್ಟಿನ ಗುಂಡಿಯ ಪಕ್ಕದಲ್ಲಿ, ದಾರದ ಗಂಟಿನ ಹತ್ತಿರ ಬಿಳಿಯ ಚುಕ್ಕೆಯೊಂದಿತ್ತು. ಕುಂಚದ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು ಅದನ್ನು ಎತ್ತಿದಳು. ಮಸೂರದ ಕೆಳಗೆ ಇಳಿಸಿ, ಅವನ ಭುಜದ ಮೇಲಿಂದಲೇ ಬಾಗಿ ಒಮ್ಮೆ ನೋಡಿದಳು.

ಚಿಕ್ಕಮ್ಮ ಮತ್ತೆ ನಲ್ಲಿ ತಿರುಗಿಸಿದಳು. ಜರಡಿಯಿಂದ ಕೆಸರು ನೀರು ಸಣ್ಣಗೆ ಸುರಿಯತೊಡಗಿತು. ಅವಳು ಚಿಪ್ಪನ್ನು ಎಡಗಡೆಯ ಮನೆಗೆ ಇಳಿಸಿದಳು.